ಮುಂಗೈಯ ಸಾಕ್ಷಿ

ನಮ್ಮಲ್ಲಿ ಬಹುಮಂದಿಯ ಎಡತೋಳಿನ ಮೇಲ್ಭಾಗದಲ್ಲಿ ಒಂದು ಸಣ್ಣ ಕಲೆಯಿದೆ. ಬಿ.ಸಿ.ಜಿ. ಲಸಿಕೆ ಬಿಟ್ಟುಹೋದ ಗುರುತು ಅದು. ಅದಕ್ಕಿಂತ ಒಂದು ಗೇಣು ಕೆಳಗೆ, ಮುಂಗೈಯ ಒಳಮಗ್ಗುಲಲ್ಲಿ, ಕೆಲವರಿಗೆ ಇನ್ನೊಂದು ಗುರುತು ಎದ್ದು ಕೆಲವೇ ದಿನಗಳಲ್ಲಿ ಮಾಯವಾಗಿರುತ್ತದೆ. ಸೂಜಿಯಿಂದ ಹನಿಯಷ್ಟು ಔಷಧಿಯನ್ನು ಚರ್ಮದ ಪದರದೊಳಕ್ಕೆ ಬಿಟ್ಟು, ಎರಡು ಮೂರು ದಿನ ಕಳೆದ ಮೇಲೆ ಅಲ್ಲಿ ಎದ್ದ ಗಡುಸಾದ ಬಾವನ್ನು ಅಳತೆಪಟ್ಟಿಯಿಂದ ಅಳೆಯುತ್ತಾರೆ. ಇಷ್ಟು ಮಿಲಿಮೀಟರಿಗೆ ಮೇಲ್ಪಟ್ಟರೆ ಕ್ಷಯದ ಕ್ರಿಮಿ ಈ ದೇಹವನ್ನು ಎಂದೋ ಹೊಕ್ಕಿದೆ ಎಂದು ಅರ್ಥ. ಕೇಳಲು ಸರಳವಾಗಿದೆ. ಆದರೆ ಈ ಸಾಕ್ಷಿ ನೂರು ವರ್ಷಕ್ಕೂ ಹೆಚ್ಚು ಕಾಲ ಎರಡು ನಾಲಗೆಯಲ್ಲಿ ಮಾತನಾಡಿತು. ಅದಕ್ಕೆ ಒಂದು ಕಾರಣ ಮೇಲಿನ ಆ ಕಲೆಯೇ. ಬಾವಿನ ನಾಲಗೆ ಸರಿಹೋದ ಬಗೆಯನ್ನು ಹೇಳಬೇಕೆಂದು ನನಗೆ ಬಹುಕಾಲದಿಂದ ಆಸೆ.

ನಾನು ಕನಕಪುರದವನು. ನಮ್ಮ ಅಜ್ಜ ಕಡೆಯವರೆಗೂ ಊರನ್ನು ಕಾನಕಾನಹಳ್ಳಿ ಎಂದೇ ಕರೆಯುತ್ತಿದ್ದರು. ಊರು ಕೂತಲ್ಲೇ ಕೂತಿದ್ದರೂ ಅದರ ಜಿಲ್ಲೆ ಮಾತ್ರ ಬದಲಾಗುತ್ತ ಬಂದಿದೆ: ಮೊದಲು ಬೆಂಗಳೂರು ಜಿಲ್ಲೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಬದಲಾಗದೆ ಉಳಿದದ್ದೆಂದರೆ ಕ್ಷಯದ ಹೆಸರೆತ್ತಲು ಜನರಿಗಿರುವ ಅಳುಕು. ನಮ್ಮ ಬೀದಿಯಲ್ಲಿ ಅದು ಇಂದಿಗೂ ‘ಎದೆ ಕಾಯಿಲೆ’. ಇನ್ನೂ ತಗ್ಗಿದ ದನಿಯಲ್ಲಿ, ‘ಆ ಕಾಯಿಲೆ’.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹುಡುಗಿಯೊಬ್ಬಳು ನರ್ಸಿಂಗ್ ಓದಲೆಂದು ಬೆಂಗಳೂರಿಗೆ ಹೋದಳು. ತಂದೆ ರೇಷ್ಮೆ ನೂಲು ತೆಗೆಯುವ ಕೆಲಸದವರು. ಕಾಲೇಜಿಗೆ ಸೇರಿದ ತಿಂಗಳಲ್ಲೇ ಎಲ್ಲ ಹುಡುಗಿಯರಿಗೂ ಮುಂಗೈ ಪರೀಕ್ಷೆಯಾಯಿತು. ಇವಳ ಬಾವು 13 ಮಿಲಿಮೀಟರ್. ತಂದೆ ನನ್ನನ್ನು ಹುಡುಕಿಕೊಂಡು ಬಂದರು. “ಮೇಷ್ಟ್ರೇ, ಮಗೂಗೆ ಕೆಮ್ಮಿಲ್ಲ, ಜ್ವರ ಇಲ್ಲ. ಎದೆ ಫೋಟೋದಲ್ಲೂ ಏನೂ ಇಲ್ವಂತೆ. ಮತ್ತೆ ಕೈ ಯಾಕೆ ಊದ್ಕೊಳ್ತು?” ಎಂದರು. ನನಗೆ ಪರಿಚಯವಿದ್ದ ವೈದ್ಯರ ಬಳಿಗೆ ಅವರನ್ನು ಕರೆದೊಯ್ದೆ. ವೈದ್ಯರು ಪ್ರಾಮಾಣಿಕರು. “ಕ್ರಿಮಿ ಒಳಗೆ ಮಲಗಿರಬಹುದು, ಚಿಕ್ಕಂದಿನ ಲಸಿಕೆಯ ನೆನಪು ಇರಬಹುದು, ಮಣ್ಣಿನಲ್ಲೋ ನೀರಿನಲ್ಲೋ ಇರುವ ಬೇರೆ ಸಾಧು ಕ್ರಿಮಿಯ ಪರಿಚಯವೂ ಇರಬಹುದು. ಮೂರರಲ್ಲಿ ಯಾವುದು ಎಂದು ಈ ಬಾವು ಹೇಳುವುದಿಲ್ಲ” ಎಂದರು. ಮುನ್ನೆಚ್ಚರಿಕೆಯ ಮಾತ್ರೆಯನ್ನು ಆರು ತಿಂಗಳು ನುಂಗುವುದೋ ಬಿಡುವುದೋ ಎಂಬ ತೀರ್ಮಾನ ಮನೆಯವರ ಪಾಲಿಗೆ ಬಂತು. ತಾಯಿಗೆ ಮಾತ್ರೆಗಿಂತ ಹೆಚ್ಚಿನ ಚಿಂತೆ ಇನ್ನೊಂದಿತ್ತು: ನಾಳೆ ಹೆಣ್ಣು ನೋಡಲು ಬರುವವರ ಕಿವಿಗೆ ಈ ಸುದ್ದಿ ಬೀಳದಿರಬೇಕು.

ಆ ಹನಿ ಔಷಧಿಯ ಮೂಲಪುರುಷ ಜರ್ಮನಿಯ ರಾಬರ್ಟ್ ಕಾಖ್. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕ್ಷಯದ ಕ್ರಿಮಿಯನ್ನು ಲೋಕಕ್ಕೆ ತೋರಿಸಿಕೊಟ್ಟ ಮಹಾಶಯ ಈತನೇ. ಎಂಟು ವರ್ಷಗಳ ಮೇಲೆ, 1890ರಲ್ಲಿ, ಕ್ಷಯಕ್ಕೆ ಮದ್ದು ಸಿಕ್ಕಿತೆಂದು ಸಾರಿದ. ಮದ್ದು ಯಾವುದರಿಂದ ಆದದ್ದೆಂದು ಮಾತ್ರ ಮೊದಲಿಗೆ ಬಾಯಿ ಬಿಡಲಿಲ್ಲ. ಯೂರೋಪಿನ ನಾನಾ ಕಡೆಯಿಂದ ರೋಗಿಗಳೂ ವೈದ್ಯರೂ ಬರ್ಲಿನ್ನಿಗೆ ಓಡಿದರು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್, ಆಗಿನ್ನೂ ವೈದ್ಯವೃತ್ತಿಯಲ್ಲಿದ್ದವನು, ತಾನೂ ಹೋಗಿ ನೋಡಿ ಅನುಮಾನದಿಂದಲೇ ಬರೆದ. ಅನುಮಾನ ನಿಜವಾಯಿತು. ಕಾಖನ ‘ಟ್ಯುಬರ್ಕ್ಯುಲಿನ್’ ಎಂದರೆ ಕ್ರಿಮಿಯನ್ನು ಬೆಳೆಸಿದ ರಸವನ್ನು ಕಾಯಿಸಿ ಇಳಿಸಿದ ಗ್ಲಿಸರಿನ್ ಕಷಾಯ. ಅದರಿಂದ ರೋಗ ವಾಸಿಯಾಗಲಿಲ್ಲ, ಕೆಲವರಿಗೆ ಉಲ್ಬಣಿಸಿತು. ಆದರೆ ಕ್ರಿಮಿಯ ಪರಿಚಯವಿದ್ದ ದೇಹ ಮಾತ್ರ ಆ ಕಷಾಯಕ್ಕೆ ಸಿಡಿದೇಳುತ್ತಿತ್ತು. ಮದ್ದಾಗಿ ಸೋತದ್ದು ಪರೀಕ್ಷೆಯಾಗಿ ಗೆದ್ದಿತು. 1907ರಲ್ಲಿ ವಿಯೆನ್ನಾದ ಫಾನ್ ಪಿರ್ಕೆ ಅದನ್ನು ಚರ್ಮದ ಮೇಲೆ ಗೀರಿ ನೋಡಿದ. ಮರುವರ್ಷವೇ ಫ್ರಾನ್ಸಿನ ಶಾರ್ಲ್ ಮಾಂಟೂ ಚರ್ಮದ ಪದರದೊಳಕ್ಕೆ ಸೂಜಿಯಿಂದ ಬಿಡುವ ಕ್ರಮವನ್ನು ತಂದ. ಇಂದಿಗೂ ಆಸ್ಪತ್ರೆಗಳಲ್ಲಿ ಅದು ‘ಮಾಂಟೂ’ ಪರೀಕ್ಷೆಯೇ.

ಕಷಾಯವನ್ನು ಸೋಸಿ ಸೋಸಿ ಒಂದಷ್ಟು ಹದಕ್ಕೆ ತಂದ ಪುಣ್ಯ ಅಮೆರಿಕದ ಫ್ಲಾರೆನ್ಸ್ ಸೈಬರ್ಟ್ ಎಂಬ ಮಹಿಳೆಯದು. 1930ರ ದಶಕದಲ್ಲಿ ಆಕೆ ರಸದಿಂದ ಪ್ರೋಟೀನಿನ ಅಂಶವನ್ನು ಬೇರೆ ಮಾಡಿದರು. ಅದಕ್ಕೆ ಪಿ.ಪಿ.ಡಿ. ಎಂದು ಹೆಸರಾಯಿತು, ‘ಶುದ್ಧೀಕರಿಸಿದ ಪ್ರೋಟೀನು’ ಎಂಬುದು ಅದರ ಅರ್ಥ. ಶುದ್ಧವೆಂಬ ಮಾತು ಇಲ್ಲಿ ತುಸು ಹೆಚ್ಚಾಯಿತೆಂದೇ ಹೇಳಬೇಕು. ಅದು ನೂರಾರು ಪ್ರೋಟೀನುಗಳ ಗೊಜ್ಜು. ಅವುಗಳಲ್ಲಿ ಬಹುಪಾಲು ಕ್ಷಯದ ಕ್ರಿಮಿಗೂ ಅದರ ದಾಯಾದಿಗಳಿಗೂ ಸಮಾನವಾದವು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿರುವ ಸೀರಮ್ ಸಂಸ್ಥೆ 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ಗಾಗಿ ಇಂಥದೇ ಒಂದು ದೊಡ್ಡ ತಯಾರಿಕೆ ಮಾಡಿತು. ಅದರ ಹೆಸರು ಆರ್.ಟಿ. 23. ನಮ್ಮ ಹಳ್ಳಿಗಳ ಮುಂಗೈಗಳಿಗೆ ಬಂದಿಳಿದದ್ದು ಅದೇ.

ಇನ್ನು ಮೇಲಿನ ಕಲೆಯ ಕಥೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ದನಗಳ ಕ್ಷಯದ ಕ್ರಿಮಿಯೊಂದನ್ನು ಪಿತ್ತರಸ ಸೇರಿಸಿದ ಆಲೂಗಡ್ಡೆಯ ಮೇಲೆ ಬೆಳೆಸುತ್ತ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತ, 1908ರಿಂದ 1921ರವರೆಗೆ ಹದಿಮೂರು ವರ್ಷಗಳಲ್ಲಿ 230 ಬಾರಿ ದಾಟಿಸಿದರು. ನಡುವೆ ಮಹಾಯುದ್ಧವೇ ಬಂದು ಹೋಯಿತು. ದಾಟಿ ದಾಟಿ ಕ್ರಿಮಿ ಸಾಧುವಾಯಿತು. ಅದು ಹೇಗೆ ಸಾಧುವಾಯಿತೆಂದು ಸಾಧುಗೊಳಿಸಿದವರಿಗೇ ತಿಳಿದಿರಲಿಲ್ಲ. 1930ರಲ್ಲಿ ಜರ್ಮನಿಯ ಲ್ಯೂಬೆಕ್ ಪಟ್ಟಣದಲ್ಲಿ ಲಸಿಕೆಗೆ ನಿಜವಾದ ರೋಗದ ಕ್ರಿಮಿ ಬೆರೆತು ಎಪ್ಪತ್ತಕ್ಕೂ ಹೆಚ್ಚು ಹಸುಗೂಸುಗಳು ತೀರಿಕೊಂಡವು. ಆ ಹೆದರಿಕೆ ಬಹುಕಾಲ ಉಳಿಯಿತು.

ನಮ್ಮ ದೇಶಕ್ಕೆ ಲಸಿಕೆ 1948ರಲ್ಲಿ ಬಂತು, 1951ರಿಂದ ದೇಶವ್ಯಾಪಿಯಾಯಿತು. ಆಗಿನ ಕ್ರಮದಲ್ಲಿ ಮೊದಲು ಮುಂಗೈಗೆ ಹನಿ ಬಿಡುತ್ತಿದ್ದರು. ಮೂರನೆಯ ದಿನ ಬಂದು ನೋಡಿ, ಬಾವು ಏಳದವರಿಗೆ ಮಾತ್ರ ತೋಳಿಗೆ ಲಸಿಕೆ ಹಾಕುತ್ತಿದ್ದರು. 1955ರಲ್ಲಿ ರಾಜಾಜಿಯವರು ಬಹಿರಂಗವಾಗಿ ವಿರೋಧಿಸಿ ಒಂದು ಪುಸ್ತಿಕೆಯನ್ನೇ ಬರೆದರು. ಆರೋಗ್ಯವಂತರ ಮೈಗೆ ಜೀವಂತ ಕ್ರಿಮಿಯನ್ನು ಹೊಗಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಲಸಿಕೆಯಿಂದ ನಿಜಕ್ಕೂ ಎಷ್ಟು ಪ್ರಯೋಜನವೆಂಬ ಪ್ರಶ್ನೆ ಮಾತ್ರ ಆಗ ಕೇಳತಕ್ಕದ್ದೇ ಆಗಿತ್ತು. ಉತ್ತರ ಹೇಳಲು ಯಾರ ಬಳಿಯೂ ಲೆಕ್ಕವಿರಲಿಲ್ಲ.

ಲೆಕ್ಕ ಹಾಕುವ ಕೆಲಸ ಹಿಡಿದದ್ದು ಬೆಂಗಳೂರು. ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತಲೆಯೆತ್ತಿತು. 1960ರ ಸೆಪ್ಟೆಂಬರ್ 16ರಂದು ನೆಹರೂ ಅವರು ಅದನ್ನು ಉದ್ಘಾಟಿಸಿದರು. ನಮ್ಮ ರಾಜ್ಯಕ್ಕೆ ಕ್ಷಯದ ನೋವು ಹೊಸದೇನಲ್ಲ. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರನ್ನೇ ಅದು ಬಲಿ ತೆಗೆದುಕೊಂಡಿತ್ತು, ಮೈಸೂರಿನ ಆರೋಗ್ಯಧಾಮಕ್ಕೆ ಇರುವುದು ಅವರ ಹೆಸರೇ. ಆದರೆ ಆರೋಗ್ಯಧಾಮಕ್ಕೆ ಬರುವವರನ್ನು ಎಣಿಸುವುದು ಬೇರೆ, ಬರಲಾರದವರನ್ನು ಎಣಿಸುವುದು ಬೇರೆ. ಸಂಸ್ಥೆಯವರು 1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಹೊಕ್ಕರು. 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ 119 ಹಳ್ಳಿಗಳನ್ನು ಆರಿಸಿಕೊಂಡು, ಅದೇ ಮನೆಗಳಿಗೆ ನಾಲ್ಕು ಸಲ ಹೋದರು.

ಇದನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕು. ಮನೆಮನೆಯಲ್ಲಿ ಕುಳಿತು ಹೆಸರು, ವಯಸ್ಸು ಬರೆದುಕೊಳ್ಳುವುದು. ಕೂಸಿನಿಂದ ಮುದುಕರವರೆಗೆ ಎಲ್ಲರ ಮುಂಗೈಗೂ ಹನಿ ಬಿಡುವುದು. ಐದು ವರ್ಷ ದಾಟಿದವರನ್ನು ವ್ಯಾನಿನಲ್ಲಿ ತಂದ ಯಂತ್ರದ ಮುಂದೆ ನಿಲ್ಲಿಸಿ ಎದೆಯ ಫೋಟೋ ತೆಗೆಯುವುದು. ಫೋಟೋದಲ್ಲಿ ನೆರಳು ಕಂಡವರಿಂದ ಕಫ ಪಡೆದು ಪ್ರಯೋಗಶಾಲೆಗೆ ಸಾಗಿಸುವುದು. ಮೂರನೆಯ ದಿನ ಮತ್ತೆ ಬಂದು ಬಾವನ್ನು ಅಳೆಯುವುದು. ಮೊದಲನೆಯ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡವರನ್ನು ಐದು ವರ್ಷಗಳ ಮೇಲೆ ಹುಡುಕಿದಾಗ ನೂರಕ್ಕೆ 49 ಮಂದಿ ತೀರಿಹೋಗಿದ್ದರು. ಸುಮಾರು 32 ಮಂದಿ ತಾವಾಗಿಯೇ ಗುಣವಾಗಿದ್ದರು. ಉಳಿದ 18 ಮಂದಿ ಇನ್ನೂ ಕೆಮ್ಮುತ್ತ, ಇನ್ನೂ ಹರಡುತ್ತ ಇದ್ದರು. ಈ ಮೂರು ಸಂಖ್ಯೆಗಳು ಇಂದಿಗೂ ಲೋಕದ ವೈದ್ಯಗ್ರಂಥಗಳಲ್ಲಿವೆ. ನಮ್ಮ ಹಳ್ಳಿಗಾಡಿನ ಸಾವುಗಳಿಂದ ಎಣಿಸಿ ತೆಗೆದವು ಅವು ಎಂಬುದನ್ನು ಇಲ್ಲಿನವರು ಕಂಡಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ಹಳ್ಳಿಯವರು ಅಜ್ಞಾನಿಗಳು, ಕಾಯಿಲೆ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಎಂದು ಪಟ್ಟಣದವರು ಅಂದುಕೊಂಡಿದ್ದರಷ್ಟೆ? ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದರು: ಕ್ಷಯ ಹಿಡಿದಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿಬಂದವರು. ಅಲ್ಲಿ ಅವರ ಕೈಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು.

ಬಾವಿನ ವಿಷಯಕ್ಕೆ ಬರೋಣ. ಸಾವಿರಾರು ಮುಂಗೈಗಳ ಅಳತೆಯನ್ನು ಗ್ರಾಫಿನ ಹಾಳೆಯ ಮೇಲೆ ಹಾಕಿದರೆ ನ್ಯಾಯವಾಗಿ ಎರಡು ಗುಡ್ಡ ಏಳಬೇಕು: ಕ್ರಿಮಿ ಹೊಗದವರ ಸಣ್ಣ ಬಾವಿನ ಗುಡ್ಡವೊಂದು, ಹೊಕ್ಕವರ ದೊಡ್ಡ ಬಾವಿನದೊಂದು, ನಡುವೆ ಕಣಿವೆ. ತಣ್ಣನೆಯ ದೇಶಗಳಲ್ಲಿ ಹಾಗೆಯೇ ಎದ್ದಿತ್ತು. ದಕ್ಷಿಣ ಭಾರತದಲ್ಲಿ ಕಣಿವೆಯೇ ಸರಿಯಾಗಿ ಕಾಣಲಿಲ್ಲ. ನಡುವಣ ಅಳತೆಯವರು ಅದನ್ನು ತುಂಬಿಬಿಟ್ಟಿದ್ದರು. ನಮ್ಮ ಮಣ್ಣಿನಲ್ಲಿ, ಕೆರೆಕುಂಟೆಗಳಲ್ಲಿ ಕ್ಷಯದ ಕ್ರಿಮಿಯ ಸಾಧು ದಾಯಾದಿಗಳು ಹೇರಳವಾಗಿವೆ. ಅವುಗಳ ಪರಿಚಯವಾದ ದೇಹವೂ ಆ ಗೊಜ್ಜಿನಂಥ ಔಷಧಿಗೆ ಅಷ್ಟಿಷ್ಟು ಊದಿಕೊಳ್ಳುತ್ತದೆ. ಅದರ ಮೇಲೆ ಬಿ.ಸಿ.ಜಿ. ಬೇರೆ. ಡಾ. ರಾಜ್ ನಾರಾಯಣ್ ಮತ್ತು ಅವರ ಜೊತೆಗಾರರು ಈ ಕಲಬೆರಕೆಯನ್ನು ಲೆಕ್ಕದಿಂದ ಬೇರ್ಪಡಿಸಲು ಬಹಳ ಹೆಣಗಿದರು. ಒಂದು ಊರಿನಲ್ಲಿ ಸೋಂಕು ಎಷ್ಟೆಂದು ಲೆಕ್ಕ ಅಂದಾಜು ಹೇಳಬಲ್ಲದು. ಈ ಹುಡುಗಿಯ ಕೈಯಲ್ಲಿ ಎದ್ದದ್ದು ಏನೆಂದು ಹೇಳಲಾರದು.

ಲಸಿಕೆಯ ಪ್ರಯೋಜನವನ್ನು ಅಳೆಯುವ ಮಹಾಪ್ರಯೋಗ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಮೊದಲಾಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. 1979ರಲ್ಲಿ ಬಂದ ಮೊದಲ ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅಲ್ಲಿ ಲಸಿಕೆಯಿಂದ ರಕ್ಷಣೆ ಕಾಣಲಿಲ್ಲ. ಹಸುಳೆಗಳನ್ನು ಮೆದುಳುಪೊರೆಯ ಕ್ಷಯದಂಥ ಘೋರ ರೂಪಗಳಿಂದ ಅದು ಕಾಪಾಡುತ್ತದೆ. ಅದಕ್ಕಾಗಿಯೇ ಹುಟ್ಟಿದೊಡನೆ ಹಾಕುವ ಪದ್ಧತಿ ಉಳಿದಿದೆ. ಹೀಗೆ ತೋಳಿನ ಕಲೆಯೂ ಉಳಿಯಿತು, ಮುಂಗೈಯ ಗೊಂದಲವೂ ಉಳಿಯಿತು.

ಗಂಟು ಬಿಚ್ಚಿಕೊಂಡದ್ದು ಪ್ರೋಟೀನುಗಳ ಕಡೆಯಿಂದ. ಬಳ್ಳಾರಿ ರಸ್ತೆಯ ಬಂಗಲೆಗೆ ಹೆಚ್ಚು ದೂರವಿಲ್ಲದ, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಟಿ. ರಾಮಕೃಷ್ಣನ್ ಅವರು ಈ ಕ್ರಿಮಿ ಏನನ್ನು ತಿಂದು ಹೇಗೆ ಬಾಳುತ್ತದೆಂಬ ರಸಾಯನವನ್ನೇ ಹಿಡಿದು ಕುಳಿತಿದ್ದರು. ಸೂರ್ಯನಾರಾಯಣ ಮೂರ್ತಿ, ಗೋಪಿನಾಥನ್ ಅವರೊಡನೆ 1972ರಲ್ಲಿ ಬರೆದ ದೀರ್ಘ ಲೇಖನದಲ್ಲಿ ಅದುವರೆಗಿನ ತಿಳಿವನ್ನು ಒಟ್ಟುಗೂಡಿಸಿದರು. ಆದರೆ ಈ ಕ್ರಿಮಿಯೊಡನೆ ಸಂಸಾರ ಕಷ್ಟ. ಒಂದು ಎರಡಾಗಲು ಸುಮಾರು ಇಪ್ಪತ್ತು ಗಂಟೆ. ಕಣ್ಣಿಗೆ ಕಾಣುವಷ್ಟು ಬೆಳೆಯಲು ವಾರಗಟ್ಟಲೆ. ಉಸಿರಿನೊಡನೆ ಹೊಕ್ಕರೆ ಸಂಶೋಧಕನಿಗೇ ಅಪಾಯ. ಅದರ ನೂರಾರು ಪ್ರೋಟೀನುಗಳಲ್ಲಿ ಒಂದನ್ನು ಮಾತ್ರ ಚೊಕ್ಕಟವಾಗಿ, ಸಾಕಷ್ಟು ಪಡೆಯುವುದೆಂದರೆ ಜಾತ್ರೆಯಲ್ಲಿ ಕಳೆದ ಮೂಗುತಿ ಹುಡುಕಿದ ಹಾಗೆ.

1973ರಲ್ಲಿ ಅಮೆರಿಕದ ಕೋಹೆನ್ ಮತ್ತು ಬೋಯರ್ ಒಂದು ಜೀವಿಯ ಜೀನನ್ನು ಕತ್ತರಿಸಿ ಇನ್ನೊಂದು ಸೂಕ್ಷ್ಮಜೀವಿಯೊಳಗೆ ಕಸಿ ಮಾಡುವ ವಿದ್ಯೆಯನ್ನು ತೋರಿಸಿದರು. ಜೀನೆಂದರೆ ಪ್ರೋಟೀನಿನ ಅಡುಗೆಯ ಬರಹ. ಆ ಬರಹವನ್ನು ಕರುಳಿನ ಇ. ಕೋಲೈ ಎಂಬ ಸೂಕ್ಷ್ಮಜೀವಿಗೆ ಕೊಟ್ಟರೆ ಅದು ಕೇಳದೆ ಆಡದೆ ಅಡುಗೆ ಮಾಡಿಕೊಡುತ್ತದೆ. ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಎರಡರಷ್ಟಾಗುತ್ತದೆ. 1978ರಲ್ಲಿ ಮನುಷ್ಯರ ಇನ್ಸುಲಿನ್ ಹೀಗೆಯೇ ಬಂತು. ಕ್ಷಯದ ಕ್ರಿಮಿಯನ್ನು ಮುಟ್ಟದೆಯೇ ಅದರ ಪ್ರೋಟೀನನ್ನು ಬೇಕಾದಷ್ಟು ಪಡೆಯುವ ದಾರಿ ತೆರೆಯಿತು. ನಮ್ಮ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪ, ಎಂ. ವಿಜಯನ್ ಮತ್ತು ಸಂಗಡಿಗರು ಕ್ಷಯದ ಕ್ರಿಮಿಯ ‘ರೆಕ್‌-ಎ’ ಎಂಬ ಪ್ರೋಟೀನಿನ ಹರಳಿನ ರಚನೆಯನ್ನು 2000ದಲ್ಲಿ ಬಿಡಿಸಿಟ್ಟದ್ದು ಈ ದಾರಿಯಲ್ಲಿ ನಡೆದೇ. ತನ್ನ ಜೀನು ಹರಿದಾಗ ಕ್ರಿಮಿ ಹೊಲಿದುಕೊಳ್ಳುವ ಸೂಜಿ ಅದು.

ಮುಂಗೈಗೆ ಬೇಕಾಗಿದ್ದ ಪ್ರೋಟೀನು ದೊರೆತದ್ದು ಕೋಪನ್‌ಹೇಗನ್‌ನಲ್ಲಿ, ಆರ್.ಟಿ. 23 ಕಾಯಿಸಿದ ಅದೇ ಸಂಸ್ಥೆಯಲ್ಲಿ. 1995ರಲ್ಲಿ ಅಲ್ಲಿನವರು ಕ್ರಿಮಿ ಬೆಳೆಯುವಾಗ ಮೊದಮೊದಲೇ ಹೊರಗೆ ಸೂಸುವ ಪುಟ್ಟ ಪ್ರೋಟೀನೊಂದನ್ನು ಬೇರೆ ಮಾಡಿದರು, ಹೆಸರು ಈಸ್ಯಾಟ್-6. 1996ರಲ್ಲಿ ಅಮೆರಿಕದವರು ಬಿ.ಸಿ.ಜಿ. ಕ್ರಿಮಿಯನ್ನೂ ರೋಗದ ಕ್ರಿಮಿಯನ್ನೂ ಅಕ್ಕಪಕ್ಕ ಇಟ್ಟು ಜೀನುಗಳನ್ನು ಹೋಲಿಸಿದಾಗ, ಲೋಕದಲ್ಲಿರುವ ಬಿ.ಸಿ.ಜಿ.ಯ ಎಲ್ಲ ತಳಿಗಳಲ್ಲೂ ಒಂದೇ ತುಂಡು ಮಾಯವಾಗಿರುವುದು ಕಂಡಿತು. ಈಸ್ಯಾಟ್-6ರ ಜೀನೂ ಅದರ ಜೊತೆಗಾರ ಸಿ.ಎಫ್.ಪಿ.-10ರದೂ ಇದ್ದದ್ದು ಆ ತುಂಡಿನಲ್ಲೇ. ಕಾಲ್ಮೆಟ್ ಮತ್ತು ಗೆರಾನ್ ಆಲೂಗಡ್ಡೆಯ ಮೇಲೆ ದಾಟಿಸುತ್ತಿದ್ದ ಆ ಹದಿಮೂರು ವರ್ಷಗಳಲ್ಲಿ ಎಲ್ಲೋ ಉದುರಿಹೋಗಿತ್ತು. 1998ರಲ್ಲಿ ರೋಗದ ಕ್ರಿಮಿಯ 44,11,529 ಅಕ್ಷರಗಳ ಪೂರ್ಣ ಬರಹ ಪ್ರಕಟವಾಯಿತು. ಮುಂದೆ ಕೆಲವರು ಕಳೆದ ತುಂಡನ್ನು ಬಿ.ಸಿ.ಜಿ.ಗೆ ಮರಳಿ ಕಸಿ ಮಾಡಿ ನೋಡಿದರು. ಸಾಧುವಿಗೆ ಮತ್ತೆ ಉಗುರು ಮೂಡಿತು. ಅದು ಹೇಗೆ ಸಾಧುವಾಯಿತೆಂಬ ಹಳೆಯ ಪ್ರಶ್ನೆಗೆ ಎಂಬತ್ತು ವರ್ಷಗಳ ಮೇಲೆ ಬಹುಮಟ್ಟಿನ ಉತ್ತರ ಸಿಕ್ಕಿತು.

ಓದುಗರು ಆಗಲೇ ಊಹಿಸಿರಬಹುದು. ಲಸಿಕೆಯ ಕ್ರಿಮಿಯಲ್ಲಿ ಇಲ್ಲದ, ಒಂದೆರಡನ್ನು ಬಿಟ್ಟರೆ ಮಣ್ಣುನೀರಿನ ದಾಯಾದಿಗಳಲ್ಲೂ ಇಲ್ಲದ ಪ್ರೋಟೀನನ್ನು ಮಾತ್ರ ಮುಂಗೈಗೆ ಬಿಟ್ಟರೆ, ನಿಜವಾದ ಶತ್ರುವನ್ನು ಕಂಡ ದೇಹ ಮಾತ್ರ ಊದಿಕೊಳ್ಳಬೇಕು. ಕೋಪನ್‌ಹೇಗನ್‌ನವರು ಈ ಎರಡು ಪ್ರೋಟೀನುಗಳ ಅಡುಗೆಗೆ ಹಿಡಿದದ್ದು ಇ. ಕೋಲೈಯನ್ನಲ್ಲ, ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಸೂಕ್ಷ್ಮಜೀವಿಯನ್ನು. ಹೆಸರು ಕೇಳಿ ಹೆದರಬೇಕಾಗಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ನಮ್ಮ ಮನೆಯ ಹೆಂಗಸರು ದಿನವೂ ವ್ಯವಹರಿಸುವ ಬಳಗ ಅದು. ಮಜ್ಜಿಗೆಯ ಕ್ರಿಮಿಗೆ ಕ್ಷಯದ ಜೀನನ್ನು ಕಸಿ ಮಾಡಿ, ಅದರಿಂದ ಸಾಕ್ಷಿ ನುಡಿಸಿದ ಈ ಉಪಾಯವನ್ನು ನೆನೆದಾಗಲೆಲ್ಲ ನನಗೆ ನಗುವೂ ಬರುತ್ತದೆ, ಕೈ ಮುಗಿಯುವ ಹಾಗೂ ಆಗುತ್ತದೆ.

ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಇದನ್ನು ನಮ್ಮ ದೇಶದಲ್ಲಿ ‘ಸೈ-ಟಿಬಿ’ ಎಂಬ ಹೆಸರಿನಲ್ಲಿ ತಯಾರಿಸುತ್ತದೆ. 2022ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ವರ್ಷ ಈ ಬಗೆಯ ಪರೀಕ್ಷೆಗಳನ್ನು ಒಪ್ಪಿತು. ಬಾವು 5 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಸೋಂಕು ಇದೆ. ತೋಳಿನ ಮೇಲೆ ಕಲೆ ಇದೆಯೋ ಇಲ್ಲವೋ ಎಂದು ಕೇಳಬೇಕಾಗಿಲ್ಲ. ಅನುಮತಿ ಸಿಕ್ಕ ಕಾಲವೂ ಸರಿಯಾಗಿತ್ತು. 2021ರ ಸರಕಾರಿ ಮಾರ್ಗಸೂಚಿಯಂತೆ, ಕ್ಷಯರೋಗಿಯ ಮನೆಯಲ್ಲಿರುವ ಎಲ್ಲ ವಯಸ್ಸಿನವರಿಗೂ, ರೋಗವಿಲ್ಲವೆಂದು ಖಚಿತವಾದ ಮೇಲೆ, ಮುನ್ನೆಚ್ಚರಿಕೆಯ ಮಾತ್ರೆ ಕೊಡುವ ಕ್ರಮ ಬಂದಿದೆ. ಆರು ತಿಂಗಳು ದಿನವೂ ಒಂದು ಮಾತ್ರೆ, ಇಲ್ಲವೆ ಹನ್ನೆರಡು ವಾರ ವಾರಕ್ಕೊಮ್ಮೆ. ಏನೂ ಆಗಿಲ್ಲದ ಮನುಷ್ಯನನ್ನು ಮಾತ್ರೆ ನುಂಗೆಂದು ಒಪ್ಪಿಸುವಾಗ ಕೈಯಲ್ಲಿರುವ ಸಾಕ್ಷಿ ಗಟ್ಟಿಯಾಗಿರಬೇಕು.

ಈ ಹೊಸ ಬಾವಿಗೂ ಮಿತಿಯಿದೆ. ಕ್ರಿಮಿ ಒಳಗೆ ಹೊಕ್ಕಿದೆಯೆಂದು ಅದು ಹೇಳುತ್ತದೆಯೇ ಹೊರತು, ಮಲಗಿದೆಯೋ ಎದ್ದಿದೆಯೋ ಹೇಳುವುದಿಲ್ಲ. ಅದಕ್ಕೆ ಎದೆಯ ಫೋಟೋ ಮತ್ತು ಕಫವೇ ಬೇಕು. ಕ್ರಿಮಿ ಹೊಕ್ಕವರಲ್ಲಿ ಬಹುಮಂದಿಗೆ ಆಯುಷ್ಯ ಪೂರ್ತಿ ರೋಗವೇ ಬರುವುದಿಲ್ಲ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರೇ ಆಗಿರುವಾಗ, ಯಾರ ಒಳಗಿನ ಕ್ರಿಮಿ ನಾಳೆ ಏಳುತ್ತದೆಂದು ಮೊದಲೇ ಹೇಳಬಲ್ಲ ಪ್ರೋಟೀನನ್ನು ವಿಜ್ಞಾನಿಗಳು ಇನ್ನೂ ಅರಸುತ್ತಿದ್ದಾರೆ.

ಪ್ರೋಟೀನು ಹೊಸದಾದರೂ ಸೂಜಿ ಹಳೆಯದೇ, ಅಳತೆಪಟ್ಟಿ ಹಳೆಯದೇ. ಎರಡು ಅಥವಾ ಮೂರು ದಿನ ಕಳೆದು ಅದೇ ಮುಂಗೈಯನ್ನು ಮತ್ತೆ ನೋಡಬೇಕು. 1961ರಲ್ಲಿ ಸಂಸ್ಥೆಯ ತಂಡ ತಾನೇ ಹಳ್ಳಿಗೆ ಮರಳಿ ಬರುತ್ತಿತ್ತು. ಈಗ ಬಹುಮಟ್ಟಿಗೆ ಹಳ್ಳಿಯವರೇ ಆಸ್ಪತ್ರೆಗೆ ಮರಳಿ ಬರಬೇಕು. ರೇಷ್ಮೆ ಹುಳು ನಾಲ್ಕನೆಯ ಜ್ವರ ಕಳೆದು ಸೊಪ್ಪು ಮೇಯುವ ವಾರದಲ್ಲಿ, ಮನೆಯಲ್ಲಿ ಒಬ್ಬರೂ ಅತ್ತಿತ್ತ ಅಲುಗಲಾಗದ ಹೊತ್ತಿನಲ್ಲಿ, ಮೂರನೆಯ ದಿನ ಕೂಲಿ ಬಿಟ್ಟು ಬಸ್ಸು ಹತ್ತಿ ಕನಕಪುರಕ್ಕೆ ಬರಬೇಕು.